ನಾತ್ತೋ ತಿಂದವರು ಹೊರಗೆ

ನಮ್ಮ ಕೋಜಿ ಕೋಣೆಯ ಬಾಗಿಲಿಗೆ
ಅಣ್ಣ ಬರೆದಂಟಿಸಿದ ಚೀಟಿ ಇನ್ನೂ ಇದೆ:
ಬೆಳಿಗ್ಗೆ ನಾತ್ತೋ ತಿಂದವರು ಹೊರಗೆ.
ಆ ಅಂಟು ಸೋಯಾಕಾಳಿನ ಒಂದೆಳೆ ಕೈಗಂಟಿ ಬಂದರೂ
ಅನ್ನದ ಮೇಲೆ ಹಬ್ಬಬೇಕಾದ ನಮ್ಮ ಬೂಷ್ಟು
ಸೋತು ಕೂರುತ್ತದೆ.
ಒಮ್ಮೆ ಅಂಚೆಯವನ ಬಾಯಿ ಮೂಸಿ ವಾಪಸು ಕಳಿಸಿದ್ದ.
ಅಷ್ಟು ಮಡಿ ತೊಮೊಹಾರುವಿಗೆ.

ಈಗ ಅಕಿತಾದ ಆಸ್ಪತ್ರೆಯ ಏಳನೇ ಮಹಡಿಯಲ್ಲಿ
ಎರಡು ಬಾಗಿಲುಗಳ ಆಚೆ ಅವನು.
ಹೊರಗೆ ನಿಲ್ಲಬೇಕಾದವಳು ನಾನು.

ತಲೆಗೆ ಮೂರು ಸಲ ಸೋಪು ಹಚ್ಚಿದ್ದೆ.
ಹೊಸ ಅಂಗಿ, ಬೆಲೆಚೀಟಿ ಕೂಡ ಕಿತ್ತಿರಲಿಲ್ಲ.
ಆದರೂ ನರ್ಸ್ ಕುಡೋ ತಲೆಯಾಡಿಸಿದಳು:
"ನಲವತ್ತು ವರ್ಷ ಅದರಲ್ಲೇ ಇದ್ದೀರಿ. ಗಾಜಿನಾಚೆಯಿಂದಲೇ ಮಾತಾಡಿ."
ನಮ್ಮದು ಸಾಧು ಬೂಷ್ಟು ಎಂದೆ.
"ಇರಬಹುದು, ಅದರ ದಾಯಾದಿಗಳು ಸಾಧುಗಳಲ್ಲ.
ಕಾವಲೇ ಇಲ್ಲದ ಮೈಗೆ
ನಂಟರೂ ಒಂದೇ, ಕಳ್ಳರೂ ಒಂದೇ."

ಒಳಗಿರುವುದು ನನ್ನದೇ.
ಹದಿನೆಂಟು ದಿನದ ಹಿಂದೆ ನನ್ನ ತೋಳಿಂದ
ಯಂತ್ರ ಸೋಸಿ ತೆಗೆದ ಚೀಲ,
ಸಾಲ್ಮನ್ ಮೀನಿನ ಬಣ್ಣದ್ದು, ಒಂದು ಲೋಟದಷ್ಟು,
ಯಾರೂ ತಡೆಯದೆ ಎರಡೂ ಬಾಗಿಲು ದಾಟಿತು.
ನಾನು ಮಾತ್ರ ಮೈಲಿಗೆ.

ಅಲ್ಲಿ ಗಾಳಿಯನ್ನೂ ಸೋಸುತ್ತಾರೆ,
ಹಗಲೂ ರಾತ್ರಿ ಜೇನುಗೂಡಿನಂಥ ಒಂದು ಗುಂಯ್‌.
ಹೂವಿಲ್ಲ. ಕುಂಡದ ಮಣ್ಣಿಲ್ಲ.
ಮಿಸೋ ಸಾರಿಲ್ಲದ ಬೆಳಗು
ಅರವತ್ತೆರಡು ವರ್ಷದಲ್ಲಿ ಅವನಿಗಿದೇ ಮೊದಲು.
ಪಕ್ಕದ ಹಳೆ ಕಟ್ಟಡ ಒಡೆಯುತ್ತಿದ್ದಾರೆಂದು
ಕಿಟಕಿಯ ಸಂದುಸಂದಿಗೂ ಟೇಪು;
ಧೂಳಿನ ಬೆನ್ನೇರಿ ಯಾರು ಬರುತ್ತಾರೋ.
ಹಳದಿ ಮಾತ್ರೆ ಮೂರು, ಊಟದ ಜೊತೆಗೇ ಆಗಬೇಕಂತೆ,
ಊಟವೇ ಇಳಿಯದ ಗಂಟಲಿಗೆ.
ಮಂಗಳವಾರ ರಕ್ತ ಸೆಳೆದು
ಅದರಲ್ಲಿ ಬೂಷ್ಟಿನ ಹೆಜ್ಜೆ ಹುಡುಕುತ್ತಾರೆ.

ರಾತ್ರಿ ಎರಡಕ್ಕೆ ಅವನನ್ನೆಬ್ಬಿಸಿ ಜ್ವರ ನೋಡುತ್ತಾರೆ.
ಅದೇ ಎರಡಕ್ಕೆ ಯೊಕೊತೆಯಲ್ಲಿ ನಾನೆದ್ದು
ಹಿಮ ತುಳಿದು, ಕೋಣೆ ಹೊಕ್ಕು,
ಬಟ್ಟೆ ಸರಿಸಿ ಅನ್ನದ ಜ್ವರ ನೋಡುತ್ತೇನೆ.
ಮೂವತ್ತೆಂಟು.
ನಮ್ಮಲ್ಲಿ ಅದು ಶುಭ ಸುದ್ದಿ.
ಅವನಲ್ಲಾದರೆ ಕಾರಿಡಾರಿನ ತುಂಬ ಓಡುವ ಕಾಲುಗಳು.

ಸೊನ್ನೆ. ಸೊನ್ನೆ. ಮತ್ತೆ ಸೊನ್ನೆ.
ಹದಿನಾರನೇ ದಿನ ನಲವತ್ತು.
ಇವತ್ತು ನೂರಹತ್ತು ಎಂದು
ಕುಡೋ ದಪ್ಪಕ್ಷರದಲ್ಲಿ ಬರೆದು ಗಾಜಿನ ಒಳಮೈಗೆ ಅಂಟಿಸಿದ್ದಾಳೆ,
ನನಗೆ ಕಾಣುವ ಹಾಗೆ.
ಆ ಬಿಳಿಕಣಗಳು ನನ್ನ ಕಡೆಯವು,
ಬೂಷ್ಟನ್ನು ಸಾಕಿದ ಮನೆಯಲ್ಲೇ ಬೆಳೆದವು.
ಕಾವಲು ಕಾದಾವೇ, ಇಲ್ಲಾ
ಹಳೆ ಪರಿಚಯವೆಂದು ಅಗುಳಿ ತೆಗೆದಾವೇ?
ಡಾಕ್ಟರನ್ನು ಕೇಳಿದೆ.
ನಕ್ಕರು. ಆಮೇಲೆ ಏನನ್ನೋ ಬರೆದುಕೊಂಡರು.

ಅಣ್ಣ ಫೋನೆತ್ತಿದ.
ತನ್ನ ಬಾಯಿಹುಣ್ಣಿನ ಬಗ್ಗೆ ಒಂದು ಮಾತಿಲ್ಲ.
"ಯಾವ ಬಣ್ಣಕ್ಕೆ ಬಂದಿದೆ?"
"ಬಿಳಿ."
"ಪೂರ್ತಿ?"
"ಅಂಚಲ್ಲಿ ಇನ್ನೂ ಬರೀ ಅಕ್ಕಿ."
"ಅವಸರ ಮಾಡಬೇಡ. ಆದರೆ ಹಸಿರಾಗುವವರೆಗೂ ಬಿಡಬೇಡ."
ಹಾಗಂದು, ಬೆಳಕಿಗೆ ಕಣ್ಣು ಕಿರಿದಾಗಿಸಿ,
ಗಾಜಿನ ಮೇಲಿನ ಚೀಟಿಯ ಮೂಲೆ ಮಡಚಿಕೊಂಡದ್ದನ್ನು
ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡಿದ.