ಬರ್ಮಾ ತೇಗ

ವಾರದ ರಜೆ ಮಂಗಳವಾರ.
ಎರಡರಲ್ಲಿ ಮುಗಿಸುತ್ತೇನೆ ಅಂದಿದ್ದೆ, ಐದು ಹಿಡಿಯಿತು.
ಚಿಲ್ಲರೆ ಎಣಿಸುವ ಬೆರಳಿಗೆ ಈಗ
ಉಪ್ಪುಕಾಗದದ ನಂಬರುಗಳು,
ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು,
ಹೊಳಲ್ಕೆರೆ ರೂಟಿನ ಸ್ಟೇಜುಗಳಂತೆ ಬಾಯಿಪಾಠ.

ಬುರುಜನಹಟ್ಟಿಯ ನಮ್ಮ ಕಟ್ಟೆಯ ಮೇಲೆ
ಅಂಗಾತ ಮಲಗಿದೆ ಅಡುಗೆಮನೆಯ ಕಪಾಟು.
ಬಾಗಿಲೆರಡೂ ಬಿಚ್ಚಿ ಗೋಡೆಗೆ ಆನಿಸಿದ್ದೇನೆ.
ತಿರುಪು, ಕೀಲು, ಹಿತ್ತಾಳೆ ಹಿಡಿಗಳು
ಉಪ್ಪಿನಕಾಯಿ ಜಾಡಿಯಲ್ಲಿ ಸೀಮೆಎಣ್ಣೆ ಕುಡಿಯುತ್ತಿವೆ.
ಪಕ್ಕಕ್ಕೆ ಮಣೆ ಹಾಕಿಕೊಂಡು ನಮ್ಮತ್ತೆ ತಿಪ್ಪಮ್ಮ
ಶೇಂಗಾ ಸುಲಿಯುತ್ತಾರೆ.
ಸುಲಿಯುವುದರಲ್ಲಿ ಇಬ್ಬರೂ ಸಮ.

ಮೊದಲು ಎದ್ದದ್ದು ಬೂದು.
ಮಾವ ಪಿಡಬ್ಲ್ಯುಡಿಯಲ್ಲಿದ್ದಾಗ
ಸೇತುವೆ ಕಂಬಿಗೆ ಬಳಿದು ಮಿಕ್ಕ ಡಬ್ಬಿ.
ರಿಮೂವರ್ ಸವರಿದರೆ ಕೆನೆಯ ಹಾಗೆ ಸುಕ್ಕುಗಟ್ಟಿ
ಕರಣೆಯ ಮುಂದೆ ಮಡಚಿಕೊಂಡು ಬಂತು.
ಅದರಡಿ ಪಿಸ್ತಾ ಹಸಿರು, ನಾದಿನಿ ಮದುವೆಯದು.
ಅದರಡಿ ನೀಲಿ, ಆಸ್ಪತ್ರೆ ಕಿಟಕಿಯ ನೀಲಿ.
ಅದು ಬಿಡಲೊಲ್ಲದು.
ಮೂಲೆಗೆ ಚಮಚದ ಬೆನ್ನು,
ಕೆತ್ತನೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು,
ಸಂದಿಗೆ ನನ್ನ ತಲೆಯ ಪಿನ್ನು.

"ಹುಷಾರು ಕಣವ್ವ, ಬರ್ಮಾ ತೇಗ ಐತೆ ಅದು.
ನಮ್ಮಪ್ಪ ಮದುವೆಗೆ ಕೊಟ್ಟಿದ್ದು."
ಸೇರಕ್ಕಿ ಒದ್ದು ಬಂದ ದಿನದಿಂದ ಕೇಳಿದ್ದೇನೆ ಇದನ್ನ,
ಒಗ್ಗರಣೆ ಸಿಡಿದಾಗ, ಸ್ಟೌ ಹೊಗೆಯಾಡಿದಾಗ,
ಜಗಳದಲ್ಲಿ ಬೇರೆ ಮಾತು ಮುಗಿದಾಗ.

ಬಾಗಿಲು ತೇಗವೇ. ಅನುಮಾನವಿಲ್ಲ.
ಜೇನಿನ ಬಣ್ಣ, ನೀಳ ಎಳೆ, ಮೂಗಿಗೆ ಎಣ್ಣೆ ವಾಸನೆ.
ಪಕ್ಕದ ಹಲಗೆಗೆ ಬಂದೆ.
ಎಳೆ ಅಡ್ಡಾದಿಡ್ಡಿ ತಿರುಗಿ ಉಜ್ಜಿದಷ್ಟೂ ಎದ್ದಿತು,
ತುಟಿಗೆ ಬಿದ್ದ ಧೂಳು ಕಹಿ.
ಬೇವು.
ಮಗುಚಿದೆ. ಬೆನ್ನಿನ ಹಲಗೆ ಯಾವುದೋ ಸರಕಿನ ಪೆಟ್ಟಿಗೆಯದು,
ಈ ಕಡೆ ಮೇಲೆ ಎನ್ನುವ ಬಾಣ
ನೆಲ ತೋರಿಸುತ್ತಿತ್ತು.

ನಾನು ಉಜ್ಜುವುದು ನಿಲ್ಲಿಸಿದೆ.
ಅವರು ಸುಲಿಯುವುದು ನಿಲ್ಲಿಸಲಿಲ್ಲ.

"ನೋಡ್ದೇನು?
ನಾನೂ ನೋಡಿದ್ದೆ, ಮೊದಲ್ನೇ ವರ್ಷ,
ಸುಣ್ಣಕ್ಕೆ ಅಂತ ಸರಿಸ್ದಾಗ.
ನಮ್ಮಪ್ಪನ ಗಂಟು ಬಾಗಿಲ ಮಟ್ಟಕ್ಕೇ ಮುಗಿದಿತ್ತು.
ನಿಮ್ಮ ಮಾವ ದಾವಣಗೆರೆಗೆ ಹೋಗಿದ್ರು, ಎರಡು ದಿನ.
ಬರೋದ್ರೊಳಗೆ ನೀಲಿ ಹಚ್ಚಿಬಿಟ್ಟೆ.
ನಾನೇ. ಸೀರೆ ಹಾಳಾತು."

ಅಸ್ತರಿಲ್ಲದೆ ಅವಸರಕ್ಕೆ ಬಳಿದ ಬಣ್ಣ
ಮರದೊಳಕ್ಕೇ ಇಳಿದಿರುತ್ತೆ ಮೇಡಂ, ಎಂದಿದ್ದ
ದೊಡ್ಡಪೇಟೆಯ ಬಣ್ಣದಂಗಡಿ ಮಹಬೂಬಲಿ.

"ಬೇವು ಬೇವಿನ ಹಾಗೇ ಇರಲಿ ಬಿಡಿ ಅತ್ತೆ,
ಬರೀ ಎಣ್ಣೆ ಸವರೋಣ, ಈಗ ಹಂಗೇ ಮಾಡ್ತಾರೆ."
ಅವರು ಮಾತಾಡಲಿಲ್ಲ.
ಕಾಳು ಮೊರಕ್ಕೆ ತುಂಬಿ ಕೇರಿದರು,
ಅಗತ್ಯಕ್ಕಿಂತ ಜಾಸ್ತಿ ಹೊತ್ತು.

ಮುಂದಿನ ಮಂಗಳವಾರ
ಎರಡು ಪಾಲು ತೇಗದ ಬಣ್ಣ, ಅರ್ಧ ಪಾಲು ವಾಲ್‌ನಟ್, ಒಂದಿಷ್ಟು ಥಿನ್ನರ್.
ಬೇವು ಒಂದೊಂದು ಕಡೆ ಒಂದೊಂದು ಥರ ಕುಡಿಯಿತು,
ಇಲ್ಲಿ ಕಪ್ಪು, ಅಲ್ಲಿ ಉಪವಾಸ.
ಹಳೆ ಯೂನಿಫಾರ್ಮಿನ ತೋಳು ಹರಿದು ಅದ್ದಿ ಒರೆಸಿ
ಮತ್ತೆ ಅದ್ದಿ, ಬಾಗಿಲನ್ನು ಪಕ್ಕಕ್ಕಿಟ್ಟು ನೋಡಿ,
ಕಣ್ಣು ಕಿರಿದು ಮಾಡಿ,
ಮೂರನೇ ಕೋಟಿಗೆ ಸೇರಿತು.
ಒಳಗಿನ ತಟ್ಟುಗಳನ್ನು ಮಾತ್ರ ಹಾಗೇ ಬಿಟ್ಟೆ. ಅಕ್ಕಿಗೆ ಹುಳ ಬೀಳುವುದಿಲ್ಲ.

ವಾರ್ನಿಷ್ ದಿನ ಆಷಾಢದ ಗಾಳಿ,
ದುರ್ಗದ ಗಾಳಿ, ಗುಡ್ಡದ ಮೇಲಿನ ಫ್ಯಾನುಗಳಿಗೆ ಮಾತ್ರ ಖುಷಿ.
ಸೀರೆ ಕಟ್ಟಿ ಮರೆ ಮಾಡಿದರೂ
ಒಂದು ಶೇಂಗಾ ಹೊಟ್ಟು ನುಸುಳಿ ಬಂದು ಎಡಬಾಗಿಲಿಗೆ ಅಂಟಿತು.
ಕಿತ್ತರೂ ಗುರುತು, ಬಿಟ್ಟರೂ ಗುರುತು.
ಬಿಟ್ಟೆ.

ಹೆಪ್ಪಿಗೆ ಬಂದ ಎದುರುಮನೆ ರೇಣವ್ವ
ಕಪಾಟಿನ ಪಕ್ಕೆ ಸವರಿ ಕೇಳಿದಳು:
"ತೇಗವಾ ಇದು?"
ಅತ್ತೆ ನನ್ನ ಕಡೆ ನೋಡಿದರು.

"ಬರ್ಮಾದ್ದು," ಅಂದೆ.

ಹೆಪ್ಪಿಗೆ ಒಂದು ಚಮಚ ಸಾಕಿತ್ತು.
ಬಟ್ಟಲು ತುಂಬ ಮೊಸರು ಕೊಟ್ಟು ಕಳಿಸಿದರು ತಿಪ್ಪಮ್ಮ.