ಗುಡಿಸು

ಶಿವರಾಂಪೇಟೆಯ ಮಹಡಿ ಮೇಲಿನ ಪ್ರೆಸ್ಸಿಗೆ
ಹಸ್ತಪ್ರತಿ ಹಿಡಿದು ಆಕೆ ಬಂದಾಗ
ಮೊದಲು ಗುರುತು ಸಿಕ್ಕಿದ್ದು ಮುಖವಲ್ಲ, ದನಿ.
'ನಮಸ್ಕಾರ' ಅಂದರು.
ನನ್ನ ಕೈ ತಂತಾನೇ ಸೆರಗಿಗೆ ಒರೆಸಿಕೊಂಡಿತು.

ಇಪ್ಪತ್ತೆರಡು ವರ್ಷ ಸಂಜೆ ಏಳಕ್ಕೆ ಊರ ಸುದ್ದಿ ಓದಿದ ದನಿ:
ನಾಲೆಗೆ ನೀರು ಬಿಟ್ಟದ್ದು, ವೀಳ್ಯದೆಲೆಯ ಧಾರಣೆ,
ಬೆಟ್ಟದ ತಪ್ಪಲಲ್ಲಿ ಚಿರತೆ.
ನಮ್ಮವ್ವ ಜವರಮ್ಮ ಟೀವಿಯ ಕಡೆ ತಿರುಗಿ
'ನಮಸ್ಕಾರ ಕಣವ್ವ, ಉಂಡ್ಯಾ?' ಅನ್ನುತ್ತಿದ್ದಳು,
ಮುದ್ದೆ ತೊಳಸುವ ಕೋಲು ಕೈಯಲ್ಲೇ.

ಈಗ ಮಂದಾಕಿನಿ ನಂಜರಾಜ್ ಪುಸ್ತಕ ಬರೆದಿದ್ದಾರೆ.
ಹೆಣ್ಣು ಒಳಗಿರಬೇಕು, ಗಂಡು ದುಡಿದು ತರಬೇಕು,
ಒಲೆಗೆ ಒಬ್ಬಳೇ ಒಡತಿ. ನೂರ ಎಂಬತ್ತು ಪುಟ.
ಅಷ್ಟನ್ನೂ ಕೀಲಿ ಒತ್ತಿ ಒತ್ತಿ ಕೂಡಿಸಿದವಳು ನಾನು,
ಪುಟಕ್ಕೆ ಹದಿನೆಂಟು ರೂಪಾಯಿ,
ಹನ್ನೊಂದು ರಾತ್ರಿ, ಕೊನೆಯ ಸಿಟಿ ಬಸ್ಸಿನವರೆಗೆ.
ಮನೆಯಲ್ಲಿ ಆ ಹನ್ನೊಂದು ದಿನವೂ
ಸಾರು ಕುದಿಸಿದ್ದು ನನ್ನ ಗಂಡ,
ಉಪ್ಪು ಎರಡೆರಡು ಸಲ ಹಾಕಿ.

ಅಕ್ಷರ ಕೂಡಿಸುವವಳು ಅರ್ಥಕ್ಕೆ ಕೈ ಹಾಕುವುದಿಲ್ಲ.
ನನಗೆ ಕಾಣುವುದು ತಲೆಕಟ್ಟು, ಕೊಂಬು, ಇಳಿ, ಒತ್ತು.
ಗಂಡ ಎಂದರೂ ಹೆಂಡತಿ ಎಂದರೂ ಒಳಗೊಂದು ಸೊನ್ನೆ;
ಅದು ಬಿದ್ದುಹೋಗದ ಹಾಗೆ ನೋಡಿಕೊಂಡರಾಯಿತು.

ಕರಡು ತಿದ್ದಲು ಪಕ್ಕದಲ್ಲೇ ಕೂರುತ್ತಿದ್ದರು.
ಬಣ್ಣವಿಲ್ಲದ ಮುಖ; ಹುಬ್ಬು ಮಾತ್ರ ಅದೇ ಹಳೆಯವು.
ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ
ಅರ್ಧ ನನ್ನ ಮುಚ್ಚಳಕ್ಕೆ ಹಾಕಿದರು.
ಅವರೆಕಾಳು ಉಪ್ಪಿಟ್ಟು. ಚೆನ್ನಾಗಿದೆ ಅಂದೆ.
ಸ್ವಲ್ಪ ಹೊತ್ತು ಬಿಟ್ಟು, 'ನಮ್ಮೆಜಮಾನ್ರು ಮಾಡಿದ್ದು' ಅಂದರು.
ನಾನು ನಗಲಿಲ್ಲ. ಅವರೂ ನಗಲಿಲ್ಲ.
ಕಾಳು ಹದವಾಗಿ ಬೆಂದಿತ್ತು.

ಆಮೇಲೆ, ಪರದೆಯನ್ನೇ ನೋಡುತ್ತ:
'ಏಳು ಗಂಟೆಗೆ ಎಲ್ಲರ ಮನೇಲೂ ಇದ್ದೆ ಕಣಮ್ಮ,
ನಮ್ಮನೆ ಒಂದು ಬಿಟ್ಟು.
ಮಗಳು ಟೀವಿ ಗಾಜಿಗೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತಿದ್ದಳಂತೆ.
ಗಾಜು ಬೆಚ್ಚಗಿರುತ್ತಿತ್ತಂತೆ.'
ಇದು ಪುಸ್ತಕದಲ್ಲಿ ಇಲ್ಲವಲ್ಲ ಅಂದೆ.
'ಅದು ಬೇರೆ' ಅಂದರು. 'ಮುಂದಿನ ಪುಟ ತೆಗಿ.'

ಪುಸ್ತಕ ಬಂತು. ಪುರಭವನದ ಮೆಟ್ಟಿಲ ಮೇಲೆ
ಕಾಲೇಜು ಹುಡುಗಿಯರು ಹಾಳೆ ಹಾಳೆ ಹರಿದರು.
ಅದೇ ಸಂಜೆ ಸರಸ್ವತಿಪುರಂನಲ್ಲಿ
ಗಂಧದ ಹಾರ ಹಾಕಿ, ಮೈಸೂರು ಪೇಟ ತೊಡಿಸಿದರು.
ಗಂಡಸರ ಅಳತೆಯ ಪೇಟ. ಹುಬ್ಬಿನವರೆಗೆ ಜಾರಿತು.
ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಭಾಷಣ ಮಾಡಿದರು.
ಮೂರು ವಾರಕ್ಕೆ ಸಾವಿರ ಪ್ರತಿ ಖಾಲಿ.
ನಮ್ಮ ಮಾಲೀಕರು ಹೊಸ ಫ್ಯಾನು ಹಾಕಿಸಿದರು.

ಅರವತ್ತನಾಲ್ಕನೇ ಪುಟ, ಕೆಳಗಿನಿಂದ ಮೂರನೇ ಸಾಲು.
ಅವರು ಬರೆದದ್ದು: 'ಹೊಸಿಲು ದಾಟದವಳೇ ಮನೆಗೆ ದೀಪ.'
ಅಚ್ಚಾಗಿರುವುದು: 'ದಾಟಿದವಳೇ.'
ಒಂದೇ ಒಂದು ಗುಡಿಸು, ಟಕಾರದ ನೆತ್ತಿಗೆ.
ನನ್ನ ಬೆರಳೇ. ಯಾವ ರಾತ್ರಿಯೋ, ನಿದ್ದೆಗಣ್ಣೋ,
ಆಣೆ ಇಡಲಾರೆ.
ಹರಿದವರೂ ಕಾಣಲಿಲ್ಲ, ಹಾರ ಹಾಕಿದವರೂ ಕಾಣಲಿಲ್ಲ.
ಅವ್ವ ಇದ್ದಿದ್ದರೆ? ಅವಳಿಗೆ ಓದು ಬರುತ್ತಿರಲಿಲ್ಲ;
ಗುಡಿಸು ಅಂದರೆ ಪೊರಕೆ ಹುಡುಕುತ್ತಿದ್ದಳು.

ಎರಡನೇ ಮುದ್ರಣದ ಕರಡು ಇವತ್ತು ವಾಪಸ್ಸು ಬಂತು, ಹಸಿರು ಶಾಯಿಯಲ್ಲಿ.
ಎಲ್ಲಿ ಮಹಾಪ್ರಾಣ ಬಿಟ್ಟಿದ್ದೆನೋ ಅಲ್ಲೆಲ್ಲ ತಿದ್ದಿದ್ದಾರೆ,
ಗಟ್ಟಿಯಾಗಿ ಓದಿಕೊಂಡೇ ತಿದ್ದಿರಬೇಕು.
ಅರವತ್ತನಾಲ್ಕರಲ್ಲಿ
ಆ ಗುಡಿಸಿನ ಸುತ್ತ ಒಂದು ಸೊನ್ನೆ ಸುತ್ತಿ,
ಆ ಸೊನ್ನೆಯನ್ನೇ ಮತ್ತೆ ಹೊಡೆದುಹಾಕಿ,
ಅಂಚಿನಲ್ಲಿ: 'ಇರಲಿ.'

ಯಾವುದು ಇರಲಿ ಎಂದು ಫೋನು ಮಾಡಿ ಕೇಳಬಹುದು.
ಗಂಟೆ ಏಳು. ಈಗ ಅವರು ಮನೆಯಲ್ಲಿರುತ್ತಾರೆ.
ಹೊಸ ಫ್ಯಾನಿನ ಗಾಳಿಗೆ ಹಾಳೆಗಳು ಏಳುತ್ತಿವೆ,
ಮೇಲೆ ನನ್ನ ಊಟದ ಡಬ್ಬಿ ಇಟ್ಟಿದ್ದೇನೆ.