ತೋಳದ ತೋಳು

ನಿಲ್ಲಿಸು, ಸಾಯಿಮಾ. ಪೆನ್ಸಿಲ್ ಕೆಳಗಿಡು.
ಇದು ತೋಳವಲ್ಲ.
ಕುರಿಯ ತೊಗಲು ಹೊದ್ದ ತೋಳದ ಮಾತು ಕೇಳಿದ್ದೆ,
ತೋಳದ ತೊಗಲು ಹೊದ್ದ ನಾಯಿಯನ್ನು
ನೋಡಿದ್ದು ಇವತ್ತೇ.

ಕೂದಲು ಚೆನ್ನಾಗಿ ಬರೆದಿದ್ದೀಯ, ಒಪ್ಪಿದೆ.
ಎಳೆ ಎಳೆಯಾಗಿ, ಕಿವಿಯೊಳಗಿನದನ್ನೂ ಬಿಡದೆ.
ಆದರೆ ಕೂದಲು ಚಳಿಗಾಲ ಹೇಳುವ ಸುಳ್ಳು.
ಮೂವತ್ತೊಂದು ವರ್ಷ ಮ್ಯೂಸಿಯಮ್ಮಿಗೆ
ಎಲುಬು ಬೇಯಿಸಿ ಕೊಟ್ಟವಳು ನಾನು;
ಈ ಕುಹ್ಮೋ ಊರಿನ ಬಸ್ಸಿನಲ್ಲಿ, ನನ್ನ ಕೋಟಿನ ವಾಸನೆಗೆ,
ಪಕ್ಕದ ಸೀಟು ಯಾವತ್ತೂ ಖಾಲಿ.
ಕೈಗವಸು ತೆಗೆ. ಬಾ ಇಲ್ಲಿ.

ಮೇಜಿನ ಮೇಲಿರುವುದು ಹೆಣ್ಣು. ಎರಡು ಚಳಿಗಾಲ ಕಂಡದ್ದು.
ಭಾನುವಾರ ನಸುಕಿನಲ್ಲಿ ಮರದ ಲಾರಿಗೆ ಸಿಕ್ಕಿತು.
ಡ್ರೈವರ್ ಕೌಕೊ ರಸ್ತೆಯಂಚಿನ ಹಿಮದಲ್ಲಿ ಕೂತು
ಪೊಲೀಸರು ಬರುವ ತನಕ ಅದರ ಕಿವಿ ಹಿಡಿದುಕೊಂಡಿದ್ದನಂತೆ.
ಯಾಕೆಂದು ಅವನಿಗೂ ಗೊತ್ತಿಲ್ಲ.

ಮೊದಲು ಹಿಂಗಾಲು. ಎಲ್ಲರೂ ಎಡವುವುದು ಅಲ್ಲೇ.
ಹಿಂದಕ್ಕೆ ಮಡಿಚಿದೆಯಲ್ಲ, ಅದನ್ನು ಮೊಣಕಾಲು ಅಂದುಕೊಂಡೆ.
ಅದು ಹಿಮ್ಮಡಿ, ಮಾರಾಯ್ತಿ,
ನಡೆಯುವಾಗ ನೆಲ ಸೋಕದ ಹಿಮ್ಮಡಿ.
ಮೊಣಕಾಲು ಇಲ್ಲಿ, ಹೊಟ್ಟೆಯ ಮಗ್ಗುಲಿಗೆ, ತುಪ್ಪಳದ ಒಳಗೆ.
ಒತ್ತು. ಚಿಪ್ಪು ಜಾರಿತೇ? ಅದೇ.
ಜನ್ಮವಿಡೀ ತುದಿಗಾಲಲ್ಲಿ ಓಡಾಡಿದ ಜೀವ ಇದು,
ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ.

ಎದೆ ಯಾಕಿಷ್ಟು ಅಗಲ? ಕುಸ್ತಿಪಟುವೇ?
ಎರಡೂ ಅಂಗೈ ಒತ್ತಿ ಹಿಡಿ, ಕೈಮುಗಿದ ಹಾಗೆ:
ಎದೆ ಅಷ್ಟೇ ಇಕ್ಕಟ್ಟು.
ಮೊಣಕೈ ಒಳಕ್ಕೆ, ಪಾದ ಕೊಂಚ ಹೊರಕ್ಕೆ.
ಅದಕ್ಕೇ ಕೆರೆಯ ಹಿಮದ ಮೇಲೆ ಹೆಜ್ಜೆಗಳು
ದಾರಕ್ಕೆ ಪೋಣಿಸಿದಂತೆ ಒಂದೇ ಸಾಲು.
ಮುಂಗಾಲು ಬಿಟ್ಟ ಗುಳಿಗೇ ಹಿಂಗಾಲು.
ಐದು ಹೋದರೂ ಒಂದೇ ಹೋದಂತೆ.

ಈಗ ಹೆಗಲು.
ಕೈ ಇಡು. ಅಲುಗಾಡಿಸು. ಕಚ್ಚುವ ಕಾಲ ಮುಗಿಯಿತು, ಹೆದರಬೇಡ.
ತೋಳಕ್ಕೆ ತೋಳು ಅಂಟಿರುವುದು ಎಲುಬಿನಿಂದಲ್ಲ.
ನಿನಗೆ ನನಗೆ ಇರುವ ಕೊರಳೆಲುಬು
ಇದಕ್ಕೆ ಇಲ್ಲವೆಂದೇ ಅನ್ನಬಹುದು.
ಹೆಗಲ ಹಲಗೆ ಮಾಂಸದಲ್ಲಿ ತೇಲುತ್ತದೆ,
ದಡಕ್ಕೆ ಕಟ್ಟದ ದೋಣಿ;
ಎರಡು ತೋಳುಗಳ ನಡುವೆ ಪಕ್ಕೆಲುಬಿನ ಗೂಡು
ತೊಟ್ಟಿಲ ಹಾಗೆ ತೂಗುತ್ತದೆ.
ನೀನು ಅದನ್ನು ಮೊಳೆ ಹೊಡೆದು ಕೂರಿಸಿದ್ದೀಯ.
ಅದಕ್ಕೇ ನಿನ್ನ ತೋಳ ನಡೆಯುವುದಿಲ್ಲ.
ನಿಂತಿದೆ,
ಕುರ್ಚಿಯ ಹಾಗೆ.

ಶಾಲೆಯ ಗೋಡೆಗೆ ಬರೆಯಲು ಹೇಳಿದ್ದಾರೆ ಅಂದೆಯಲ್ಲ.
ಗೊತ್ತು, ಕೇಳುವವರು ಎರಡು ಬಗೆ.
ಮಕ್ಕಳನ್ನು ಟ್ಯಾಕ್ಸಿಯಲ್ಲಿ ಕಳಿಸುವವರಿಗೆ ಹಲ್ಲು ದೊಡ್ಡದಾಗಬೇಕು.
ಪಟ್ಟಣದಿಂದ ಬರುವವರಿಗೆ ಕಣ್ಣ ತುಂಬ ಮರುಕ ಬೇಕು.
ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು;
ಈಗೀಗ ಆಳಿಗೊಂದು ಹೂವು.
ಹಿಮ್ಮಡಿ ಎಲ್ಲಿದೆ ಎಂದು ತಿಳಿಯದವರು
ಏನು ಎಸೆದರೂ ಗುರಿ ತಪ್ಪುತ್ತದೆ.

ನಗಬೇಡ. ನನ್ನದೂ ಒಂದಿದೆ.
ನಾನು ಮೊತ್ತಮೊದಲು ತುಂಬಿ ನಿಲ್ಲಿಸಿದ ತೋಳ
ಈಗಲೂ ಗಾಜಿನ ಹಿಂದೆ, ಹತ್ತಿಯ ಹಿಮದಲ್ಲಿದೆ.
ಎಡ ಹೆಗಲು ಎರಡು ಬೆರಳು ಮೇಲೆ.
ಎಷ್ಟು ಮಕ್ಕಳು ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡರೋ,
ಎಷ್ಟು ಪ್ರೊಫೆಸರುಗಳು ತಲೆದೂಗಿದರೋ.
ಯಾರೂ ಹೇಳಲಿಲ್ಲ.
ಸಂಜೆ ಆ ಕೋಣೆಯ ದೀಪ ಆರಿಸುವಾಗ
ಮುಖ ಈಚೆ ಮಾಡಿಕೊಂಡೇ ಸ್ವಿಚ್ ಒತ್ತುತ್ತಿದ್ದೆ.

ಸರಿ. ಹೊಸ ಹಾಳೆ ತೆಗೆ.
ಇವತ್ತು ಒಂದೇ ಒಂದು ಕೂದಲೂ ಬೇಡ.
ಕೈ ತೊಳೆಯಬೇಡ ಇನ್ನೂ,
ಬೆರಳಿಗೆ ನೆನಪಿರುವಷ್ಟರಲ್ಲಿ ಬರೆ.
ಮೂರು ಗಂಟೆಗೆಲ್ಲ ಬೆಳಕು ಹೋಗುತ್ತದೆ.
ತಪ್ಪಿದ ಗೆರೆ ಅಳಿಸಬೇಡ, ಪಕ್ಕದಲ್ಲೇ ಇನ್ನೊಂದು ಎಳೆ.

ಏನು, ಬಾಲವೇ?
ಸುಮ್ಮನೆ ಕೆಳಕ್ಕೆ ಬಿಡು.
ಅದು ಯಾರನ್ನೂ ಮೆಚ್ಚಿಸಬೇಕಾಗಿಲ್ಲ.